ನಾಯಿಮರಿ ದಂಧೆ: 'ನೋಡಿ ತಗೋಬೇಕಿತ್ತು' ಅನ್ನೋರಿಗೆ ಒಂದು ಉತ್ತರ

ಎರಡು ವರ್ಷದ ಹಿಂದೆ ವಿಜಯನಗರ ಮೆಟ್ರೋ ನಿಲ್ದಾಣದ ಕೆಳಗೆ ನಿಂತು, 18 ಸಾವಿರ ರೂಪಾಯಿ ಕೊಟ್ಟು ಲ್ಯಾಬ್ರಡಾರ್ ಮರಿ ತಗೊಂಡೆ. ಮಾರಿದವನು ಅದನ್ನ ರಟ್ಟಿನ ಡಬ್ಬದಲ್ಲಿಟ್ಟು ಸ್ಕೂಟರಿನಲ್ಲಿ ತಂದಿದ್ದ. ತಾಯಿನಾಯಿ ನೋಡಬೇಕು ಅಂದಿದ್ದಕ್ಕೆ "ಮನೆ ದೂರ ಬ್ರದರ್, ನಿಮಗ್ಯಾಕೆ ತೊಂದರೆ" ಅಂದಿದ್ದ. ಎರಡು ತಿಂಗಳ ಮರಿ, ಲಸಿಕೆ ಆಗಿದೆ ಅಂತ ಒಂದು ಕಾರ್ಡ್ ಕೂಡ ಕೊಟ್ಟ. ಐದನೇ ದಿನ ವಾಂತಿ, ಆರನೇ ದಿನ ರಕ್ತಭೇದಿ. ಒಂಬತ್ತನೇ ದಿನ ಮರಿ ಇಲ್ಲ. ಪಾರ್ವೊ.

ಪಶುವೈದ್ಯರು ಹಲ್ಲು ನೋಡಿದವರೇ "ಇದಕ್ಕೆ 40 ದಿನ ಆಗಿದ್ರೆ ಹೆಚ್ಚು" ಅಂದಿದ್ದರು. ಕಾರ್ಡಿನಲ್ಲಿ ಸಹಿ ಇತ್ತು. ಲಸಿಕೆ ಬಾಟಲಿಯಿಂದ ಬಿಡಿಸಿ ಅಂಟಿಸುವ ಬ್ಯಾಚ್ ನಂಬರಿನ ಚೀಟಿ ಇರಲಿಲ್ಲ, ಸಹಿ ಮಾಡಿದ ವೈದ್ಯರ ನೋಂದಣಿ ಸಂಖ್ಯೆಯೂ ಇರಲಿಲ್ಲ. ಪಾರ್ವೊ ಸೋಂಕು ತಗುಲಿದ ಮೇಲೆ ಲಕ್ಷಣ ಕಾಣೋಕೆ ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಹಾಗಾಗಿ ಕೈಗೆ ಕೊಡುವಾಗ ಮರಿ ಚೆನ್ನಾಗೇ ಕುಣೀತಿರುತ್ತೆ. ಆಮೇಲೆ ಫೋನ್ ಮಾಡಿದರೆ "ನಮ್ಮತ್ರ ಚೆನ್ನಾಗಿತ್ತು, ನೀವೇ ಏನೋ ತಿನ್ನಿಸಿದ್ದೀರಿ" ಅನ್ನೋದು ಬಲು ಸುಲಭ. ನನಗೂ ಅದನ್ನೇ ಹೇಳಿದ. ಜೊತೆಗೆ, ಕೆಟ್ಟ ಮಿಕ್ಸಿ ಬದಲಾಯಿಸಿ ಕೊಡುವವರ ಥರ, ಇನ್ನೊಂದು ಮರಿ ಅರ್ಧ ರೇಟಿಗೆ ಕೊಡ್ತೀನಿ ಅಂದ. ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ, ಈ ಮನೆಗೆ ಸದ್ಯಕ್ಕೆ ಇನ್ನೊಂದು ಮರಿ ತರಬೇಡಿ ಅಂತ ವೈದ್ಯರು ಹೇಳದಿದ್ದರೆ ಅದಕ್ಕೂ ಒಪ್ಪಿಬಿಡ್ತಿದ್ದೆನೋ ಏನೋ.

ಈ ಕಥೆ ಹೇಳಿದಾಗಲೆಲ್ಲ ಸಿಗುವ ಉತ್ತರ ಒಂದೇ: "ನೋಡಿ ತಗೋಬೇಕಿತ್ತು." ನಿಜ, ತಪ್ಪು ನನ್ನದೂ ಇದೆ. ಆದರೆ ನೋಡಬೇಕಾದವರು ಇನ್ನೂ ಒಬ್ಬರಿದ್ದಾರಲ್ಲ?

ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟದ ನಿಯಮಗಳನ್ನು ಕೇಂದ್ರ ಸರ್ಕಾರ ತಂದಿದ್ದು 2017ರಲ್ಲಿ. ಅದರ ಪ್ರಕಾರ ಬ್ರೀಡರ್ ಆದವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಲೇಬೇಕು. ಎಂಟು ವಾರ ತುಂಬದ ಮರಿ ಮಾರುವ ಹಾಗಿಲ್ಲ. ಮರಿಗೆ ಮೈಕ್ರೋಚಿಪ್ ಇರಬೇಕು. 2018ರಲ್ಲಿ ಸಾಕುಪ್ರಾಣಿ ಅಂಗಡಿಗಳಿಗೂ ನಿಯಮ ಬಂತು. ಈಗ ಇನ್‌ಸ್ಟಾಗ್ರಾಂ ತೆಗೆದು ನೋಡಿ, ಮಾರಾಟಕ್ಕಿರುವ ಮರಿಗಳ ಪೋಸ್ಟಿನಲ್ಲಿ ನೋಂದಣಿ ಸಂಖ್ಯೆ ಎಲ್ಲಾದರೂ ಕಾಣುತ್ತಾ ಅಂತ. ಇವರಿಗೆ ಭಯ ಯಾಕಿರಬೇಕು ಹೇಳಿ? 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಮೊದಲ ಸಲದ ಅಪರಾಧಕ್ಕೆ ಇಟ್ಟಿದ್ದ ದಂಡ 10ರಿಂದ 50 ರೂಪಾಯಿ. ನನ್ನ ಮರಿಯ ಬೆಲೆ ಎಷ್ಟು ಅಂತ ಆಗಲೇ ಹೇಳಿದೆನಲ್ಲ.

ಸರ್ಕಾರಕ್ಕೆ ನಾಯಿಗಳ ನೆನಪೇ ಇಲ್ಲ ಅಂತಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರ 23 ತಳಿಗಳನ್ನು 'ಅಪಾಯಕಾರಿ' ಅಂತ ಪಟ್ಟಿ ಮಾಡಿ ನಿಷೇಧಿಸಲು ಸುತ್ತೋಲೆ ಹೊರಡಿಸಿತು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನ ರದ್ದು ಮಾಡಿತು. ಸಾಕುವವರ ಮೇಲೆ, ನಾಯಿಯ ಮೇಲೆ ಒಂದೇ ಕಾಗದದಲ್ಲಿ ನಿಷೇಧ ಹೇರಲು ಹೊರಟವರಿಗೆ, ಮರಿ ಹುಟ್ಟಿಸಿ ಮಾರುವವರ ಗೋದಾಮಿನ ಬಾಗಿಲು ತಟ್ಟಲು ಮಾತ್ರ ಆಗಲ್ಲ. '777 ಚಾರ್ಲಿ' ನೋಡಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಕಣ್ಣೀರು ಹಾಕಿದ್ದು ನೆನಪಿರಬಹುದು. ಆ ಸಿನಿಮಾದಲ್ಲಿ ಚಾರ್ಲಿ ತಪ್ಪಿಸಿಕೊಂಡು ಬರೋದು ಇಂಥದ್ದೇ ಬ್ರೀಡರ್ ಹತ್ತಿರದಿಂದ, ಸಾಯೋದು ರಕ್ತಸಂಬಂಧದೊಳಗೇ ಮರಿ ಹಾಕಿಸಿದ್ದರಿಂದ ಬಂದ ಕಾಯಿಲೆಯಿಂದ. ಅತ್ತಿದ್ದೆಲ್ಲ ಆಯ್ತು, ತಪಾಸಣೆ ಎಲ್ಲಿ?

ನಮ್ಮದೂ ಒಂದು ಗೀಳಿದೆ. "ಪ್ಯೂರ್ ಬ್ರೀಡ್ ತಾನೇ?" ಅನ್ನೋದು ನಾನು ಕೇಳಿದ ಮೊದಲ ಪ್ರಶ್ನೆ. ಜಾತಿ ಬೇಡ ಅಂತ ಪೋಸ್ಟ್ ಹಾಕುವ ನಾವು ನಾಯಿಗೆ ಮಾತ್ರ ವಂಶಾವಳಿ ಕೇಳ್ತೀವಿ! ಕೆಸಿಐ ಪತ್ರ ಇದ್ದರೆ ಬೆಲೆ ಇನ್ನೂ ಹೆಚ್ಚು. ಅದು ಹೇಳೋದು ಅಪ್ಪ ಅಮ್ಮ ಯಾರು ಅಂತ, ಮರಿ ಆರೋಗ್ಯವಾಗಿದೆ ಅಂತಲ್ಲ.

ಇನ್ನು ಮರಿಯೇ ಇಲ್ಲದ ಮೋಸ ಬೇರೆ. ಎಲ್ಲಿಂದಲೋ ಕದ್ದ ಫೋಟೋ ಹಾಕಿ ಮೊದಲು ಮುಂಗಡ, ಆಮೇಲೆ ಸಾಗಣೆ ಖರ್ಚು, ಆಮೇಲೆ "ವಾಪಸ್ ಬರುತ್ತೆ ಸರ್" ಅಂತ ಇನ್ಶೂರೆನ್ಸ್ ದುಡ್ಡು ಕೇಳ್ತಾರೆ. ವಿಡಿಯೋ ಕಾಲ್‌ನಲ್ಲಿ ಮರಿ ಮತ್ತು ತಾಯಿಯನ್ನ ಒಟ್ಟಿಗೆ ತೋರಿಸಿ ಅಂದರೆ ಬಹುತೇಕ ಅಲ್ಲಿಗೇ ಮಾತು ಮುಗಿಯುತ್ತೆ. ದುಡ್ಡು ಹೋಗಿದ್ದರೆ ನಾಚಿಕೆ ಪಡ್ತಾ ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ, ತಡವಾದಷ್ಟೂ ಹಣ ಕೈಗೆ ಸಿಗೋದು ಕಷ್ಟ. ನನ್ನಂತೆ ಕಾಯಿಲೆ ಮರಿ ತಂದವರಿಗೆ ಜಿಲ್ಲಾ ಗ್ರಾಹಕ ಆಯೋಗ ಇದೆ. 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ಆದರೆ ನನ್ನ ಹತ್ತಿರ ರಸೀದಿ ಇರಲಿಲ್ಲ, ಕೊಟ್ಟಿದ್ದೂ ನಗದು. ಮಾರಿದವನ ಪೂರ್ತಿ ಹೆಸರೂ ಗೊತ್ತಿರಲಿಲ್ಲ. ದೂರು ಯಾರ ಮೇಲೆ ಕೊಡಲಿ?

ಆತನ ನಂಬರ್ ಮಾತ್ರ ಇನ್ನೂ ಇತ್ತು. ಕಳೆದ ತಿಂಗಳು ವಾಟ್ಸಾಪ್ ಸ್ಟೇಟಸ್‌ನಲ್ಲಿ ಆರು ಹೊಸ ಮರಿಗಳನ್ನ ಹಾಕಿದ್ದ. "ಮಂಡಳಿಯ ನೋಂದಣಿ ಸಂಖ್ಯೆ ಕಳಿಸಿ" ಅಂತ ಮೆಸೇಜ್ ಮಾಡಿದೆ. "ಯಾವ ಮಂಡಳಿ ಬ್ರದರ್?" ಅಂದ. ವಿವರಿಸಿ ಬರೆದೆ. ನೀಲಿ ಟಿಕ್ ಬಂತು, ಆಮೇಲೆ ಬ್ಲಾಕ್ ಮಾಡಿದ.