ಅಡ್ಡಗಾಳಿಯೂ ಒಂದು ಶಬ್ದಾರ್ಥವೂ

ವಿಮಾನವು ನೆಲಕ್ಕಿಳಿಯುವಾಗ ಎದುರುಗಾಳಿಯು ಮಿತ್ರನಂತೆ ನೆರವಾಗುತ್ತದೆ, ಅಡ್ಡಗಾಳಿಯು ಹಾಗಲ್ಲ. ಮನೆಯ ಮಕ್ಕಳು ದೇಶಾಂತರಗಳಿಗೆ ವಿಮಾನದಲ್ಲಿಯೇ ಹೋಗಿಬರುವ ಈ ಕಾಲದಲ್ಲಿ, ಅದರ ವಿಚಾರವು ಗೃಹಸ್ಥರಾದ ವಾಚಕರಿಗೆ ಅಪ್ರಸ್ತುತವಾಗದೆಂದು ಭಾವಿಸುತ್ತೇವೆ.

ಹೊಳೆ ದಾಟಿಸುವ ಅಂಬಿಗನು ದೋಣಿಯ ಮೂತಿಯನ್ನು ಎದುರುದಡದ ಘಟ್ಟಕ್ಕೆ ನೇರವಾಗಿ ಹಿಡಿಯುವುದಿಲ್ಲವಷ್ಟೆ. ಪ್ರವಾಹವು ಬರುವ ಕಡೆಗೆ ಓರೆಯಾಗಿ ಹಿಡಿದರೇನೇ ಘಟ್ಟವನ್ನು ಸೇರುವನು. ವಿಮಾನಚಾಲಕನ ಉಪಾಯವೂ ಅದೇ. ೧೪೦ ನಾಟ್, ಎಂದರೆ ಗಂಟೆಗೆ ಸುಮಾರು ೨೬೦ ಕಿಲೋಮೀಟರ್ ವೇಗದಿಂದ ಇಳಿದುಬರುವ ವಿಮಾನಕ್ಕೆ ಪಕ್ಕದಿಂದ ೩೦ ನಾಟ್ ಗಾಳಿ ಬೀಸಿದರೆ, ಮೂತಿಯನ್ನು ಸುಮಾರು ೧೨ ಡಿಗ್ರಿ ಗಾಳಿಯ ಕಡೆಗೆ ತಿರುಗಿಸಿ ಏಡಿಯಂತೆ ಸಾಗಿಬರಬೇಕು. ಆದರೆ ದೋಣಿಗೆ ಚಕ್ರಗಳಿಲ್ಲ, ವಿಮಾನಕ್ಕುಂಟು. ಓರೆಯಾಗಿಯೇ ನೆಲ ಮುಟ್ಟಿದರೆ ಅವುಗಳ ಮೇಲೆ ಅಡ್ಡಸೆಳೆತ ಬೀಳುತ್ತದೆ. ಆದುದರಿಂದ ಕಟ್ಟಕಡೆಯ ಕ್ಷಣಗಳಲ್ಲಿ ಕಾಲಿನಿಂದ ಬಾಲದ ಚುಕ್ಕಾಣಿಯನ್ನು ಒತ್ತಿ ಮೂತಿಯನ್ನು ರನ್‌ವೇಯ ನೇರಕ್ಕೆ ತರತಕ್ಕದ್ದು. ಆಗ ಗಾಳಿಯ ಕಡೆಯ ರೆಕ್ಕೆಯು ಮೇಲೇಳಲು ಹವಣಿಸುತ್ತದೆ. ಅದನ್ನು ಕೈಯಿಂದ ತಗ್ಗಿಸಿ ಹಿಡಿಯತಕ್ಕದ್ದು. ಅತಿಯಾಗಿ ತಗ್ಗಿಸಿದರೆ ರೆಕ್ಕೆಯೋ ಎಂಜಿನ್ನೋ ನೆಲಕ್ಕೆ ತಗಲೀತು. ಇದನ್ನೆಲ್ಲ ಸಿಮ್ಯುಲೇಟರ್ ಎಂಬ ಯಂತ್ರದಲ್ಲಿ ಮರಳಿ ಮರಳಿ ಅಭ್ಯಾಸ ಮಾಡಿಸುತ್ತಾರೆ. ಆದರೆ ನೆಲದ ಸಮೀಪದಲ್ಲಿ ಗಾಳಿಯು ನಡೆಸುವ ಚೇಷ್ಟೆಗಳನ್ನೆಲ್ಲ ಆ ಯಂತ್ರವು ಅನುಕರಿಸಲಾರದು.

೨೦೦೮ನೆಯ ಇಸವಿ ಮಾರ್ಚ್ ೧ರಂದು ‘ಎಮ್ಮಾ’ ಎಂಬ ಬಿರುಗಾಳಿಯು ಜರ್ಮನಿಯ ಮೇಲೆ ಹಾಯುತ್ತಿತ್ತು. ಮ್ಯೂನಿಕ್‌ನಿಂದ ೧೩೭ ಜನರನ್ನು ಹೊತ್ತ ಲುಫ್ತಾನ್ಸಾ ಕಂಪನಿಯ ಏರ್‌ಬಸ್ ಎ-೩೨೦ ವಿಮಾನವು ಹ್ಯಾಂಬರ್ಗಿನ ೨೩ನೆಯ ರನ್‌ವೇಗೆ ಇಳಿಯಬಂದಿತು. (ರನ್‌ವೇಯ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಅದರ ದಿಕ್ಕಿನ ಡಿಗ್ರಿ ದೊರೆಯುತ್ತದೆ.) ಗಾಳಿಯು ಬಲಗಡೆಯಿಂದ, ೪೭ ನಾಟ್‌ವರೆಗಿನ ರಭಸದಿಂದ ಬಡಿಯುತ್ತಿತ್ತು. ಎಡಚಕ್ರವು ನೆಲ ಸೋಕಿದೊಡನೆಯೇ ವಿಮಾನದ ಕಂಪ್ಯೂಟರ್ ನೆಲವನ್ನು ಸೇರಿದೆವೆಂದೆಣಿಸಿ, ರೆಕ್ಕೆಗಳನ್ನು ಓಲಿಸುವ ಹಿಡಿತವನ್ನು ಅರ್ಧದಷ್ಟಕ್ಕೆ ಇಳಿಸಿತು. ಹೀಗಾಗುವುದೆಂದು ಚಾಲಕರ ಕೈಪಿಡಿಯಲ್ಲಿ ಬರೆದಿರಲಿಲ್ಲ! ಎಡರೆಕ್ಕೆಯ ತುದಿಯು ರನ್‌ವೇಯನ್ನು ಉಜ್ಜಿತು.

ತರುವಾಯ ನಡೆದ ವಿಚಾರಣೆಯಲ್ಲಿ ಒಂದು ಶಬ್ದದ ಪ್ರಶ್ನೆಯು ಎದ್ದಿತು. ಈ ವಿಮಾನಕ್ಕೆ ‘ಪ್ರದರ್ಶಿತ’ ಅಡ್ಡಗಾಳಿಯು ೩೩ ನಾಟ್, ಬೀಸು ಸೇರಿ ೩೮. ಪರೀಕ್ಷೆಯ ಹಾರಾಟದಲ್ಲಿ ಅಷ್ಟು ಗಾಳಿಯಲ್ಲಿ ಇಳಿಸಿ ತೋರಿಸಿದ್ದಾರೆ ಎಂದಿಷ್ಟೇ ಇದರ ಅರ್ಥವೋ, ಅದನ್ನು ಮೀರಕೂಡದೆಂದು ಅರ್ಥವೋ? ಚಾಲಕರಲ್ಲಿಯೇ ಏಕಾಭಿಪ್ರಾಯವಿರಲಿಲ್ಲ. ವಿಧಿನಿಷೇಧಗಳು ಬೇರೆ, ಸಿದ್ಧವಾದುದನ್ನು ಹೇಳುವ ಅನುವಾದವಾಕ್ಯವು ಬೇರೆ ಎಂದು ನಮ್ಮ ಮೀಮಾಂಸಕರು ಎಷ್ಟು ಹಿಂದೆಯೇ ವಿಂಗಡಿಸಿಟ್ಟರು! ಯಜ್ಞಶಾಲೆಯಲ್ಲಿ ಈ ಭೇದವನ್ನು ಮರೆತರೆ ಪ್ರಾಯಶ್ಚಿತ್ತವುಂಟು. ರನ್‌ವೇಯ ಮೇಲೆ ಅದಕ್ಕೆ ಅವಕಾಶವೆಲ್ಲಿ? ಮೀರಕೂಡದೆಂಬುದು ತಾತ್ಪರ್ಯವಾದರೆ ಹಾಗೆಯೇ ಬರೆಯಬೇಕೆಂಬುದು ನಮ್ಮ ಮತ.

ಇಳಿಯಬಂದ ವಿಮಾನವು ಮರಳಿ ಮೇಲೇರಿದರೆ ಒಳಗೆ ಕುಳಿತವರು ಚಾಲಕನನ್ನು ಹಳಿಯುವುದುಂಟು. ಅಂದು ಹ್ಯಾಂಬರ್ಗಿನಲ್ಲಿ ರೆಕ್ಕೆ ತಗಲಿದೊಡನೆ ಮಾಡಿದ್ದು ಅದನ್ನೇ. ಎಂಜಿನ್ನುಗಳಿಗೆ ಪೂರ್ಣ ಬಲವನ್ನಿತ್ತು ಮೇಲೇರಿದರು; ಗಾಳಿಗೆ ಹೆಚ್ಚು ಎದುರಾಗಿದ್ದ ೩೩ನೆಯ ರನ್‌ವೇಯನ್ನು ಹಿಡಿದು, ಒಬ್ಬರಿಗೂ ಗಾಯವಾಗದಂತೆ ಇಳಿಸಿದರು. ಆ ರನ್‌ವೇಯು ಮೊದಲಿನಿಂದಲೂ ಅಲ್ಲಿಯೇ ಇದ್ದಿತು.