ಆ ಮಗುವಿಗೂ ಶಾಲೆಯಲ್ಲಿ ಸ್ಥಾನವಿದೆ

ಕಾನಸೂರಿನಂತಹ ಊರಿನಲ್ಲಿ ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ಮಗುವೊಂದು ಶಾಲೆಯ ವಯಸ್ಸಿಗೆ ಬಂದಾಗ ಹೆತ್ತವರ ಅಲೆದಾಟ ಆರಂಭವಾಗುತ್ತದೆ. ಊರಿನ ಶಾಲೆಯಲ್ಲಿ ಇಂತಹ ಮಗುವಿಗೆ ಕಲಿಸುವ ತರಬೇತಿ ಪಡೆದವರಿರುವುದಿಲ್ಲ. ವಿಶೇಷ ಶಾಲೆಗೆ ಶಿರಸಿಗೇ ಹೋಗಬೇಕು. ಮಲೆನಾಡಿನ ಮಳೆಯಲ್ಲಿ ಪುಟ್ಟ ಮಗುವನ್ನು ದಿನವೂ ಬಸ್ಸಿನಲ್ಲಿ ಕರೆದೊಯ್ಯುವುದು ಯಾವ ತಾಯಿಗೂ ಸುಲಭವಲ್ಲ. ಕೊನೆಗೆ ಮಗು ಮನೆಯಲ್ಲೇ ಉಳಿಯುತ್ತದೆ.

ಆದರೆ ಕಾನೂನು ಹೆತ್ತವರ ಪರವಾಗಿದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ, ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ನ್ಯೂನತೆಯಿರುವ 6ರಿಂದ 18 ವರ್ಷದ ಮಕ್ಕಳಿಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಆಯ್ಕೆ ಮಗುವಿನದು, ಶಾಲೆಯದಲ್ಲ. ಅನುದಾನಿತ ಹಾಗೂ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಪ್ರವೇಶ ನೀಡುವಂತೆ ಸರಕಾರ ನೋಡಿಕೊಳ್ಳಬೇಕು. ಮಕ್ಕಳ ಪ್ರಯಾಣಕ್ಕೂ ವ್ಯವಸ್ಥೆ ಮಾಡಬೇಕು. ಕಾಯ್ದೆಯಲ್ಲಿರುವ ಈ ವಾಹನ ಹಳ್ಳಿಯ ರಸ್ತೆಗೆ ಬರುವುದೆಂದು?

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕಾಗಿದೆ. ಹೆಚ್ಚು ಅಂಕ ಪಡೆದವರನ್ನು ಸನ್ಮಾನಿಸುವ ಜಮಾಅತ್‌ಗಳು ಇಂತಹ ಮಕ್ಕಳ ಪಟ್ಟಿಯನ್ನಾದರೂ ಮಾಡಿವೆಯೇ? ಅಂಧರಾಗಿದ್ದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್‌ರಿಗೆ ಪ್ರವಾದಿವರ್ಯರು(ಸ) ಅದಾನ್‌ನ ಹೊಣೆ ವಹಿಸಿದ್ದರು. ಅವರ ಅನುಯಾಯಿಗಳ ಮದ್ರಸದಲ್ಲಿ ಇಂತಹ ಮಗುವಿಗೆ ಜಾಗವಿಲ್ಲವೆಂದರೆ ಹೇಗೆ?

ಹೆತ್ತವರು ಮಗುವನ್ನು ಬಚ್ಚಿಡದಿರಲಿ. ವೈದ್ಯಕೀಯ ತಪಾಸಣೆ ಮಾಡಿಸಿ ಪ್ರಮಾಣಪತ್ರ ಪಡೆಯಲಿ, ಶಾಲೆಗೆ ಲಿಖಿತ ಅರ್ಜಿ ಸಲ್ಲಿಸಲಿ. ಪ್ರವೇಶ ನಿರಾಕರಿಸಿದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ ದೂರು ನೀಡಲಿ. ಆ ಕಚೇರಿಗೆ ತಾಯಿಯೊಬ್ಬಳೇ ಹೋಗುವಂತಾಗಬಾರದು, ಜಮಾಅತ್ ಜೊತೆಗಿರಬೇಕು.