ಆರ್ಗ್ಯಾನಿಕ್ ಅಂದ್ರ ಕಷಾಯ ಅಲ್ರೀ

ಇತ್ತಿತ್ಲಾಗ ನಮ್ಮ ಮಂದಿ ಮನ್ಯಾಗ ಒಂದು ಹೊಸಾ ಉಪಚಾರ ಶುರು ಆಗೇದ. ಫ್ರಾನ್ಸಿನ ಕೆಂಪು ವೈನಿನ ಬಾಟ್ಲಿ ಟೇಬಲ್ ಮ್ಯಾಲೆ ಇಡ್ತಾರ, ಅದರ ಹಸಿರು ಎಲಿ ಮುದ್ರೆ ತೋರಸ್ತಾರ, "ಆರ್ಗ್ಯಾನಿಕ್ ಅದ ಕಾಕಾ, ಏನೂ ಆಗಂಗಿಲ್ಲ, ಇನ್ನೊಂದಿಷ್ಟು ತಗೋರಿ" ಅಂತಾರ. ಕಾಕಾಗ ಬಿ.ಪಿ. ಗುಳಿಗಿ ನಡದಿರ್ತದ. ನನ್ನ ತಕರಾರು ವೈನಿನ ಮ್ಯಾಲೆ ಅಲ್ಲ, ಈ ಮಾತಿನ ಮ್ಯಾಲೆ.

ಆ ಮುದ್ರೆ ತ್ವಾಟದ ಲೆಕ್ಕ ಹೇಳ್ತದ, ನಮ್ಮ ಹೊಟ್ಟಿ ಲೆಕ್ಕ ಅಲ್ಲ. ರಾಸಾಯನಿಕ ಗೊಬ್ಬರ, ಕಳೆನಾಶಕ ಹಾಕಿಲ್ಲ ಅಂತ ಅದರ ಅರ್ಥ. ಹಂಗಂತ ಏನೂ ಹೊಡದಿಲ್ಲ ಅಂತಲ್ಲ. ವಿಜಾಪುರದ ದ್ರಾಕ್ಷಿ ತ್ವಾಟದಾಗ ಹೊಡಿಯೋ ಬೋರ್ಡೋ ಮಿಶ್ರಣ, ಅದೇ ಮೈಲುತುತ್ತ ಮತ್ತ ಸುಣ್ಣ, ಫ್ರಾನ್ಸಿನ ಬೋರ್ಡೋ ಊರಿನ ಹೆಸರಿನದು. ಸಾವಯವ ತ್ವಾಟಕ್ಕೂ ಅದು ನಡೀತದ. ಯುರೋಪಿನ ಕಾಯದೆ ಪ್ರಕಾರ ಒಂದು ಹೆಕ್ಟೇರಿಗೆ 7 ವರ್ಷದಾಗ 28 ಕಿಲೋ ತಾಮ್ರ ಮೀರಬಾರದು, ಅಷ್ಟ. ಗಂಧಕದ ಸಲ್ಫೈಟೂ ಹಂಗ: ಸಾದಾ ಕೆಂಪು ವೈನಿಗೆ ಲೀಟರಿಗೆ 150 ಮಿಲಿಗ್ರಾಂ ಮಿತಿ ಇದ್ರ, ಸಾವಯವಕ್ಕ 100. ಕಡಿಮಿ ಖರೆ, ಸೊನ್ನಿ ಅಲ್ಲ. ಇನ್ನ ಆಲ್ಕೋಹಾಲಿಗೆ ಯಾವ ರಿಯಾಯಿತಿನೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಾಗ ಮದ್ಯಪಾನವನ್ನ ಕ್ಯಾನ್ಸರ್ ತರೋ ಮೊದಲನೇ ಗುಂಪಿಗೆ ಸೇರಸೇದ. ಅದರಾಗ "ಆರ್ಗ್ಯಾನಿಕ್ ಬಿಟ್ಟು" ಅಂತ ಎಲ್ಲೂ ಬರದಿಲ್ಲ.

ಹಂಗಾದ್ರ ಆ ರೈತನ ಶ್ರಮಕ್ಕ ಬೆಲೆ ಇಲ್ಲೇನು? ಅದ. ಲಿಯೋನ್ ಊರಿನ ಉತ್ತರಕ್ಕ ಬೊಜೊಲೆ ಸೀಮಿ, ಅಲ್ಲಿ ವಿಲಿಯೆ-ಮೊರ್ಗೋ ಅನ್ನೋ ಹಳ್ಳಿ. ಮಾರ್ಸೆಲ್ ಲಾಪಿಯೆರ್ 1973ರಾಗ ಮನೆತನದ ತ್ವಾಟ ಕೈಗೆ ತಗೊಂಡ್ರು. ಮುಂದ ಜೂಲ್ ಶೋವೆ ಅನ್ನೋ ಹಿರಿಯರ ಮಾತು ಕೇಳಿ ಕಳೆನಾಶಕ ಬಿಟ್ರು, ಹಣ್ಣಿನ ಮ್ಯಾಲಿದ್ದ ಯೀಸ್ಟಿನಿಂದನ ಹುಳಿ ಬರಿಸಿದ್ರು, ಗಂಧಕ ಒಂಚೂರು ಇಲ್ಲಾ ಪೂರಾ ಇಲ್ಲ ಅನ್ನೋಹಂಗ ಮಾಡಿದ್ರು. 2010ರಾಗ ಅವರು ತೀರಿಕೊಂಡ್ರು, ಮಕ್ಕಳು ಮುಂದುವರಿಸ್ಯಾರ. ಗಂಧಕ ಕಡಿಮಿ ಇದ್ದ ವೈನಿಗೆ ಸೆಕಿ ಅಂದ್ರ ವೈರಿ. ಅಂಥಾದನ್ನ ನಾವು ಏಪ್ರಿಲ್ ತಿಂಗಳದಾಗ ಟಿ.ವಿ. ಬಾಜೂಕ, ಶಾಲ್ಯಾಗ ಗೆದ್ದ ಕಪ್ ಇಟ್ಟಂಗ ಇಡ್ತೀವಿ! ಮುದ್ರೆಗೆ ಮರ್ಯಾದಿ, ವೈನಿಗೆ ಇಲ್ಲ.

ಮ್ಯಾಲೆ ಇನ್ನೊಂದು ಶಾಸ್ತ್ರ: "ರೆಡ್ ವೈನ್ ರೂಮ್ ಟೆಂಪರೇಚರಿಗೇ ಕುಡೀಬೇಕು." ಯಾರ ರೂಮು ರೀ? ಫ್ರೆಂಚರು 'ಶಾಂಬ್ರೆ' ಅಂದಿದ್ದು ಹೀಟರ್ ಇಲ್ಲದ ಹಳೇ ಮನಿಗೆ, ಅಲ್ಲಿ 16-18 ಡಿಗ್ರಿ. ನಮ್ಮ ಪಡಸಾಲಿ 32. ಅಷ್ಟು ಬೆಚ್ಚಗಾದ್ರ ಹಣ್ಣಿನ ವಾಸನಿ ಹೋಗಿ ಬರೇ ಸ್ಪಿರಿಟ್ ಮೂಗಿಗೆ ಹೊಡೀತದ. ಈ ಗಮೇ ದ್ರಾಕ್ಷಿ ವೈನಿಗೆ 14ರ ಆಸುಪಾಸು ಸಾಕು. ಫ್ರಿಡ್ಜಿನ್ಯಾಗ ಒಂದೂವರಿ-ಎರಡು ತಾಸು, ಇಲ್ಲಾ ಐಸ್ ನೀರಿನ ಬಕೀಟಿನ್ಯಾಗ ಇಪ್ಪತ್ತು ನಿಮಿಷ. ಪೂರಾ ಕೊರೆಯೋಹಂಗ ಮಾಡಿದ್ರೂ ಕೆಟ್ಟದ್ದ. ಒಗರಷ್ಟ ಉಳೀತದ, ನೀರಲಹಣ್ಣು ತಿಂದಾಗ ನಾಲಿಗಿ ಹಿಡೀತದಲ್ಲ, ಹಂಗ.

ಗ್ಲಾಸಿನ ಮೂರನೇ ಒಂದು ಪಾಲು ಹಾಕ್ರಿ. ಸೋಸಿರದಿದ್ರ ಸ್ವಲ್ಪ ಮಬ್ಬು ಇರ್ತದ, ಹೆದರಬ್ಯಾಡ್ರಿ. ಬಾಟ್ಲಿ ತಳದ ಗಸಿ ಬಿಡ್ರಿ. ಮೊದಲ ಮೂಸಿ ನೋಡ್ರಿ, ಆಮ್ಯಾಲೆ ಒಂದು ಗುಟುಕು ಬಾಯಾಗ ಇಟ್ಕೋರಿ. ಚೆರ್ರಿ, ರಾಸ್ಪ್‌ಬೆರ್ರಿ ಥರದ ಹಣ್ಣು, ಹಿತವಾದ ಹುಳಿ, ಹಗುರ ಒಗರು ಸಿಕ್ಕರ ಸಾಕು. ಹಸೀ ಚರ್ಮ, ಕಾಡಿನ ಮಣ್ಣು ಅಂತ ಪುಸ್ತಕ ಓದಿ ಹೇಳೋದು ಬ್ಯಾಡ. ರಂಜಕ ತಿಂದು ರುಚಿ ನೋಡೋದಂತೂ ಬ್ಯಾಡೇ ಬ್ಯಾಡ, ಖಾರಕ್ಕ ಆಲ್ಕೋಹಾಲ್ ಸೇರಿ ಬಾಯಿ ಉರೀತದ ಅಷ್ಟ.

ಇನ್ನ ಕಾಕಾ "ನನಗ ಬ್ಯಾಡಪಾ" ಅಂದ್ರ ಮಜ್ಜಗಿ ಕೊಡ್ರಿ. ಎರಡನೇ ಸಲ ಕೇಳಬ್ಯಾಡ್ರಿ. ಎಲಿ ಮುದ್ರೆ ತೋರಿಸಿ ಒತ್ತಾಯ ಮಾಡೋದು ಉಪಚಾರ ಅಲ್ಲ.